ಮನೆಯಲ್ಲಿ ಯಾರೂ ಕರೆಯದ ಹೆಸರು

2009ರ ಜೂನ್‌ನಿಂದ ನನ್ನ ಬುಧವಾರಗಳೆಲ್ಲ ಬೈಂದೂರಿಗೆ ಮೀಸಲು. ಸೋಮವಾರ ಬ್ರಹ್ಮಾವರ, ಮಂಗಳವಾರ ಮತ್ತು ಗುರುವಾರ ಕುಂದಾಪುರ, ಶುಕ್ರವಾರ ಬರೆದಿಡುವ ಕೆಲಸ. ಮಾತು ತಡವಾದ ಪುಟ್ಟ ಮಕ್ಕಳ ಮನೆಗೆ ಹೋಗಿ, ಅವರನ್ನು ದಿನವಿಡೀ ನೋಡಿಕೊಳ್ಳುವವರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗವಾಗಿತ್ತು. ವಾರಕ್ಕೆ ಮುಕ್ಕಾಲು ಗಂಟೆ ಬಂದುಹೋಗುವವಳಿಂದ ಯಾವ ಮಗುವೂ ಮಾತು ಕಲಿಯುವುದಿಲ್ಲ. ಅದು ಕಲಿಯುವುದು ಸ್ನಾನ ಮಾಡಿಸುವವರಿಂದ, ಉಣಿಸುವವರಿಂದ. ಆಗ ನನಗೆ ಇಪ್ಪತ್ತನಾಲ್ಕು. ಎಲ್ಲವನ್ನೂ ಎಣಿಸಿ ಗೆರೆ ಹಾಕುವ ಅಭ್ಯಾಸ ಶಾಲೆಯ ದಿನಗಳಿಂದಲೇ ಇತ್ತು. ಈ ಕೆಲಸದಲ್ಲಿ ಅದಕ್ಕೆ ಸಂಬಳವೂ ಸಿಕ್ಕಿತು.

ನಾನು ಈಗ ಹೇಳುವ ಮನೆ ಬೈಂದೂರಿನ ಈಚೆಗೆ, ಹೆದ್ದಾರಿಗೆ ಅಂಟಿಕೊಂಡಂತೆ ಇತ್ತು. ಅಂಗಳಕ್ಕೂ ರಸ್ತೆಗೂ ನಡುವೆ ಇದ್ದದ್ದು ಅಡ್ಡಗಳುಗಳ ಒಂದು ದಣಪೆ ಮಾತ್ರ. ಅದು ದನಗಳನ್ನು ತಡೆಯುತ್ತಿತ್ತು, ಎರಡೂವರೆ ವರ್ಷದ ಹುಡುಗನನ್ನಲ್ಲ. ಅವನು ಕೆಳಗಿನಿಂದ ನುಸುಳುತ್ತಿದ್ದ. ಕೂಗಿದರೆ ತಿರುಗುತ್ತಿರಲಿಲ್ಲ. ಆ ತಿಂಗಳ ಮೊದಲ ವಾರದಲ್ಲಿ ಒಂದು ಬಸ್ಸು ನಿಂತು, ಕಂಡಕ್ಟರ್ ಅವನನ್ನು ಎತ್ತಿ ತಂದು ಅಂಗಳದಲ್ಲಿ ಇಳಿಸಿ ಹೋಗಿದ್ದರಂತೆ. ಮರುದಿನದಿಂದ ತಾಯಿ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದನ್ನು ಬಿಟ್ಟಿದ್ದಳು. ಅವಳ ಗಂಡ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಉಳಿದವರು ಅತ್ತೆ, ಮಾವ.

"ಫ್ಯಾಕ್ಟ್ರಿಯರ್ ಚೌತಿ ತನ್ಕ ಕಾಯ್ತ್ರಂಬ್ರ್," ಎಂದಳು ತಾಯಿ. "ಕಡೀಕ್ ನನ್ ಜಾಗದಗೆ ಬೇರೆಯವ್ರನ್ನ ಕೂರ್ಸ್ತ್ರ್. ಅಷ್ಟ್ರೊಳ್ಗೆ ಇವ ಕರ್ದ್ರೆ ಬಪ್ಪಂಗ್ ಆಯ್ಕ್, ಮೇಡಂ. ಮಾತ್ ಆಮೇಲ್ ಬರ್ಲಿ."

ಅವನ ಕಿವಿಯ ಪರೀಕ್ಷೆ ಆಗಿತ್ತು, ಕಿವಿ ಸರಿಯಿತ್ತು. ಕ್ರಮದಂತೆ ನಾನು ಅವನ ಹಿಂದೆ ಕುಳಿತು, ಆಸ್ಪತ್ರೆಯ ಚೀಟಿಯಲ್ಲಿದ್ದ ಹೆಸರನ್ನು ಹತ್ತು ಸಲ, ಬಿಟ್ಟು ಬಿಟ್ಟು ಕರೆದೆ. ಅವನು ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತಲೇ ಇದ್ದ. ಹತ್ತರಲ್ಲಿ ಸೊನ್ನೆ. ಇಂಥ ಸೊನ್ನೆಯನ್ನು ಕಂಡರೆ ಈ ಕೆಲಸದವರ ಮನಸ್ಸು ಬೇಗ ಆಟಿಸಂ ಕಡೆಗೆ ಓಡುತ್ತದೆ. "ನೀವೊಮ್ಮೆ ಹೆಸರು ಹಿಡಿದು ಕರೆಯಿರಿ," ಎಂದೆ ತಾಯಿಗೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ನಾನಾ? ಅತ್ತೇರ್ ಕರೀಲಿ."

ಅಜ್ಜಿ ಅವಳಿಗಿಂತ ಹೆಚ್ಚು ನಾಚಿದರು. ಚಾವಡಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜನ ಕಡೆಗೆ ಗಲ್ಲದಲ್ಲೇ ತೋರಿಸಿ, "ಅದ್ ಅವ್ರ್ ಹೆಸ್ರಲ್ದಾ?" ಎಂದರು.

ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಅಜ್ಜಿ ಅದನ್ನು ಹೇಳುವಂತಿಲ್ಲ, ಗಂಡನ ಹೆಸರು. ಸೊಸೆ ಹೇಳುವಂತಿಲ್ಲ, ಮಾವನ ಹೆಸರು. ಅಜ್ಜ ಹೇಳಬಹುದಿತ್ತು, ಆದರೆ ತನ್ನ ಹೆಸರನ್ನು ತಾನೇ ಕೂಗುವವರು ಯಾರು? ನಾಮಕರಣದ ದಿನ ಕಿವಿಯಲ್ಲಿ ಉಸುರಿದ ಮೇಲೆ ಆ ಮಗುವನ್ನು ಆ ಮನೆಯಲ್ಲಿ ಅದರ ಹೆಸರಿನಿಂದ ಯಾರೂ ಕರೆದಿರಲೇ ಇಲ್ಲ.

ಆ ದಿನ ನಾನು ಬೇರೆ ಏನನ್ನೂ ಕಲಿಸದೆ, ಅವನನ್ನು ಏನೆಂದು ಕರೆಯುತ್ತಾರೆ ಎಂದಷ್ಟೇ ಗೆರೆ ಹಾಕುತ್ತ ಕುಳಿತೆ. ಮಾಣಿ, ಮಗಾ, ಅಪ್ಪು, ಪುಟ್ಟ, ಏಯ್. ಎಲ್ಲಕ್ಕಿಂತ ಹೆಚ್ಚು ಗೆರೆ ಬಿದ್ದದ್ದು "ಹ್ವಾಯ್" ಎಂಬುದಕ್ಕೆ. ಅಜ್ಜಿ ಗಂಡನನ್ನೂ ಹಾಗೇ ಕರೆಯುತ್ತಿದ್ದರು, ಮೀನಿನವಳನ್ನೂ ಹಾಗೇ, ಆಚೆ ಮನೆಯವರನ್ನೂ ಹಾಗೇ. ನಾನು ಆ ಹುಡುಗನನ್ನು ನೋಡಿದೆ. ಗಾಳಿಯಲ್ಲಿ ಬರುವ ಸಾವಿರ ಸದ್ದುಗಳಲ್ಲಿ ಒಂದನ್ನು ಹಿಡಿದು, ಇದು ನಾನು, ಎಂದು ಮಗು ತಿಳಿದುಕೊಳ್ಳುವುದೇ ಒಂದು ಸೋಜಿಗ. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಗೊತ್ತಾಗದಂತೆ ಮಾಡಿ ಮುಗಿಸಿರುತ್ತಾರೆ. ಇಷ್ಟೊಂದು ಸದ್ದುಗಳ ನಡುವೆ ಈ ಮಗು ಇನ್ನೂ ಹುಡುಕುತ್ತಿದೆಯೇ, ಅಥವಾ ಹುಡುಕುವುದನ್ನು ಬಿಟ್ಟಿದೆಯೇ?

ಎಲ್ಲರೂ ಒಂದೇ ಹೆಸರು ಹಿಡಿದು ಕರೆಯಬೇಕು, ಬೇಕಾದರೆ ಪುಟ್ಟ ಎಂದೇ ಇಟ್ಟುಕೊಳ್ಳಿ, ಎಂದೆ.

ಅಜ್ಜಿ ಒಪ್ಪಲಿಲ್ಲ. "ಪುಟ್ಟ ಅಂದ್ರೆ ಆಚಿ ಮನಿ ಮಾಣಿಯೂ ಓಡಿ ಬತ್ತಾ. ನಾಳೆ ಶಾಲಿಗ್ ಹೋರೆ ಮಾಷ್ಟ್ರ್ ಪುಟ್ಟ ಅಂತ ಹಾಜ್ರಿ ಕರೀತ್ರಾ?"

ಅದು ನ್ಯಾಯದ ಮಾತು. ಹಾಗಾದರೆ ಉಳಿದವರು ಒಬ್ಬರೇ. ನಾನು ಚಾವಡಿಗೆ ಹೋಗಿ ಅಜ್ಜನಿಗೆ ವಿಷಯ ಹೇಳಿದೆ. ಅವರು ಅಡಕತ್ತರಿಯನ್ನು ಕೆಳಗಿಟ್ಟರು.

"ನನ್ ಹೆಸ್ರ್ ನಾನೇ ಕೂಗ್ತಾ ಕೂಕಂಡ್ರೆ ದಾರಿ ಮೇಲ್ ಹೋಪರ್ ಎಂತ ಹೇಳುದ್? ಅಜ್ಜಂಗೆ ತಲಿ ಕೆಟ್ಟಿತ್, ಮರ್ಲ್ ಅಂಬ್ರ್."

"ಅದ್ ಮೊದ್ಲೇ ಹೇಳ್ತಿದ್ರ್, ಬಿಡಿ," ಎಂದರು ಅಜ್ಜಿ ಒಳಗಿನಿಂದ.

ಆದರೂ ಅಜ್ಜ ಶುರು ಮಾಡಿದರು. ನಾನು ತೋರಿಸಿಕೊಟ್ಟ ಕ್ರಮ ಸಣ್ಣದು. ಮುಚ್ಚಳವನ್ನು ತಾನು ಹಿಡಿದುಕೊಂಡು, ಮಗುವಿನ ಹತ್ತಿರ ನೆಲದ ಮೇಲೆ ಕೂರಬೇಕು. ಒಂದೇ ಸಲ ಕರೆಯಬೇಕು. ಕರೆದ ಮೇಲೆ ಬಾಯಿ ಮುಚ್ಚಿ ಕಾಯಬೇಕು. ಕಣ್ಣು ತನ್ನ ಕಡೆಗೆ ಬಂದ ಕೂಡಲೇ ಮುಚ್ಚಳ ತಿರುಗಿಸಿ ಕೊಡಬೇಕು. ಬೈಯುವುದಕ್ಕೆ ಮಾತ್ರ ಆ ಹೆಸರನ್ನು ಬಳಸಲೇಬಾರದು. ಮೊದಲ ವಾರ ಅವರು ದಾರಿಯಲ್ಲಿ ಯಾರಾದರೂ ಬರುತ್ತಾರೆಯೇ ಎಂದು ನೋಡಿಕೊಂಡು, ಗುಟ್ಟು ಹೇಳಿದ ಹಾಗೆ ಕರೆಯುತ್ತಿದ್ದರು. ಎರಡನೆಯ ವಾರದ ಹೊತ್ತಿಗೆ ದಾರಿ ನೋಡುವುದನ್ನು ಮರೆತಿದ್ದರು. ಜುಲೈಯ ಮೂರನೆಯ ಬುಧವಾರ ಹತ್ತರಲ್ಲಿ ಎಂಟು ಸಲ ಹುಡುಗ ತಲೆಯೆತ್ತಿದ. ಎಂಟು ಸಲವೂ ನನ್ನ ತೋಳಿನ ರೋಮ ನಿಮಿರಿತು. ಎಣಿಕೆಯ ಕಾಗದದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆದರೆ ಅವನು ತಿರುಗುತ್ತಿದ್ದದ್ದು ಅಜ್ಜನ ದನಿಗೆ ಮಾತ್ರ. ಅಜ್ಜ ಬೆಳಿಗ್ಗೆ ಡೈರಿಗೆ ಹಾಲು ಕೊಟ್ಟು, ಹಾಗೇ ಗದ್ದೆಗೆ ಹೋಗಿ, ಮಧ್ಯಾಹ್ನ ಮನೆಗೆ ಬರುವವರು. ತಾಯಿ ಫ್ಯಾಕ್ಟರಿಗೆ ಹೋದರೆ ಅಷ್ಟು ಹೊತ್ತೂ ಹುಡುಗನ ಜೊತೆ ಇರುವವರು ಅಜ್ಜಿ. ರಸ್ತೆಯಿಂದ ಅವನನ್ನು ತಿರುಗಿಸಬೇಕಾದ ದನಿ ಅಜ್ಜಿಯದು. ಇದನ್ನು ನಾನು ಅವರ ಮುಖ ನೋಡದೆ ಹೇಳಿದೆ. ಆ ಹೆಸರನ್ನು ನೀವೂ ಹೇಳಿ ಎಂದು ಒತ್ತಾಯಿಸಲು ನನಗೆ ಧೈರ್ಯ ಬರಲಿಲ್ಲ. ಅಜ್ಜಿ ಕೊಡಪಾನ ಎತ್ತಿಕೊಂಡು ಬಾವಿಕಟ್ಟೆಗೆ ಹೋದರು.

ಮುಂದಿನ ಮೂರು ಬುಧವಾರ ಅವರು ನಾನು ಬರುವ ಹೊತ್ತಿಗೆ ದನದ ಕೊಟ್ಟಿಗೆಯಲ್ಲೇ ಇರುತ್ತಿದ್ದರು. ಚೌತಿ ಹತ್ತಿರವಾಗುತ್ತಿತ್ತು. ತಾಯಿ ಒಮ್ಮೆ ಮೆಲ್ಲಗೆ ಕೇಳಿದಳು, "ಬೀಜ ಮನಿಗೇ ತಂದ್ ಸಿಪ್ಪಿ ತೆಗುದಾ ಅಂತ ಯೋಚ್ನಿ, ಮೇಡಂ. ಕೊಡ್ತ್ರೋ ಇಲ್ಯೋ."

ಆಗಸ್ಟ್‌ನ ಎರಡನೆಯ ಬುಧವಾರ. ಮಳೆ ಬಿಟ್ಟಿತ್ತು. ಅಜ್ಜ ಚಾವಡಿಯಲ್ಲಿದ್ದರು, ಹುಡುಗ ಅಂಗಳದ ಮೆಟ್ಟಿಲ ಬಳಿ ಮುಚ್ಚಳ ತಿರುಗಿಸುತ್ತಿದ್ದ. ಅಜ್ಜಿ ಕೊಟ್ಟಿಗೆಯಿಂದ ಬಂದು ಕೈಕಾಲು ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ದೇವರ ಮುಂದೆ ನಿಲ್ಲುವವರ ಹಾಗೆ ನೆಟ್ಟಗೆ ನಿಂತರು.

"ಹ್ವಾಯ್," ಎಂದರು ಗಂಡನಿಗೆ. "ಈಗ ನಾನೊಂದ್ ಕರೀತೆ. ನಿಮ್ಗಲ್ಲ. ನೀವ್ ಓ ಅಂಬುದ್ ಬ್ಯಾಡ."

"ಎಂತ ಕರೀತೆ?"

ಅಜ್ಜಿ ಕಣ್ಣು ಮುಚ್ಚಿ ಆ ಹೆಸರನ್ನು ಹೇಳಿದರು. ನಲವತ್ತಕ್ಕೂ ಹೆಚ್ಚು ವರ್ಷ ಆ ಮನೆಯಲ್ಲಿ ಬಾಳಿದ ಹೆಂಗಸು. ದನಿ ಹೊರಗೆ ಬರುವಷ್ಟರಲ್ಲೇ ನಡುಗಿ ಮುರಿಯಿತು. ಹುಡುಗ ತಿರುಗಲಿಲ್ಲ. ಅಜ್ಜ ತಿರುಗಿ, "ಹಾಂ?" ಎಂದರು.

"ನಿಮ್ಗಲ್ಲ ಅಂದೆ!"

ಅಡುಗೆಮನೆಯ ಬಾಗಿಲಲ್ಲಿ ಸೊಸೆ, "ಅತ್ತೆ!" ಎಂದು ನಗುತ್ತ, ಅಳುತ್ತ, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಜ್ಜಿ ಅವಳ ಕಡೆ ನೋಡಲಿಲ್ಲ. ಇನ್ನೊಮ್ಮೆ ಕರೆದರು. ಈ ಸಲ ಕಣ್ಣು ತೆರೆದಿತ್ತು, ದನಿ ಅವರ ಸ್ವಂತದ್ದಾಗಿತ್ತು. ಕರೆದು ಬಾಯಿ ಮುಚ್ಚಿ ಕಾದರು. ನಾನು ಅವರಿಗೆ ಕಾಯಲು ಕಲಿಸಿರಲಿಲ್ಲ, ಕೊಟ್ಟಿಗೆಯಿಂದ ಕೇಳಿಸಿಕೊಂಡಿದ್ದರು.

ಮುಚ್ಚಳದ ಮೇಲೆ ಹುಡುಗನ ಬೆರಳು ನಿಂತಿತು. ಅವನು ತಲೆಯೆತ್ತಿ ಮೊದಲು ಅಜ್ಜನನ್ನು ನೋಡಿದ. ಅಜ್ಜ ತುಟಿ ಬಿಗಿದು ಕುಳಿತಿದ್ದರು. ಅಲ್ಲಿಂದ ಅವನ ನೋಟ ಮೆಲ್ಲಗೆ ಹೊರಳಿ, ದನಿ ಬಂದ ಕಡೆಯನ್ನು ಹುಡುಕಿ, ಅಜ್ಜಿಯ ಮುಖಕ್ಕೆ ಬಂದು ನೆಲೆಸಿತು. ಅದೇ ಹೆಸರು ಬೇರೆ ಬಾಯಿಂದ ಬಂದರೂ ಅದು ತಾನೇ ಎಂದು ಅವನಿಗೆ ತಿಳಿದ ಗಳಿಗೆ ಅದು. ನಾನು ಹತ್ತಿರದಲ್ಲೇ ಕುಳಿತು ನೋಡಿದೆ. ಅದಕ್ಕಿಂತ ದೊಡ್ಡದನ್ನು ಆ ಕೆಲಸದಲ್ಲಿ ಮತ್ತೆ ನೋಡಿದ ನೆನಪಿಲ್ಲ.

ಅಜ್ಜಿ ಹೋಗಿ ಅವನನ್ನು ಎತ್ತಿಕೊಂಡರು. "ಬರ್ಕಂಡ್ರಿಯಾ, ಮೇಡಂ? ಇನ್ನೂ ಒಂಬತ್ ಸಲ ಕರೂದಾ?"

ಅಜ್ಜ, "ನನ್ ಹೆಸ್ರ್ ಇವಳಿಗ್ ಗೊತ್ತಿತ್ ಅಂತ ಇವತ್ತೇ ತಿಳ್ದದ್," ಎಂದರು.

ಸೊಸೆಗೆ ಇನ್ನೂ ಎರಡು ವಾರ ಬೇಕಾಯಿತು. ಅತ್ತೆಯೇ ಅವಳನ್ನು ಕೂರಿಸಿಕೊಂಡು, ಮಾವ ಗದ್ದೆಗೆ ಹೋದ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿದರಂತೆ. ಹುಡುಗನ ಮಾತಿನ ಕಾಲಂ ಆಗಲೂ ಖಾಲಿಯೇ ಇತ್ತು. ಮೊದಲ ಮಾತುಗಳು ಬರುವಾಗ ಆ ವರ್ಷ ಮುಗಿಯುತ್ತ ಬಂದಿತ್ತು.

ಚೌತಿ ಕಳೆದ ಸೋಮವಾರ ತಾಯಿ ಫ್ಯಾಕ್ಟರಿಗೆ ಹೋದಳು. ಆ ವಾರದ ಬುಧವಾರ ನಾನು ಬಸ್ಸಿಳಿದು ರಸ್ತೆ ದಾಟಲು ನಿಂತಿದ್ದೆ. ಹುಡುಗ ದಣಪೆಯ ಕೆಳಗಿನಿಂದ ತಲೆಯನ್ನೂ ಒಂದು ಕೈಯನ್ನೂ ಆಗಲೇ ಹೊರಗೆ ಹಾಕಿದ್ದ. ನಡುವೆ ಒಂದು ಲಾರಿ ಬರುತ್ತಿತ್ತು, ನಾನು ಹೆಜ್ಜೆ ಎತ್ತುವಂತಿರಲಿಲ್ಲ. ಅಷ್ಟರಲ್ಲಿ ಬಾವಿಕಟ್ಟೆಯಿಂದ ಆ ಹೆಸರು ಬಂತು, ಒಂದೇ ಸಲ, ತುಂಬು ದನಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ. ಲಾರಿ ನನ್ನ ಕಣ್ಣಿಗೆ ಅಡ್ಡ ಬಂತು. ಅದು ದಾಟಿದ ಮೇಲೆ ನೋಡಿದರೆ ದಣಪೆಯ ಬಳಿ ಯಾರೂ ಇರಲಿಲ್ಲ. ಹುಡುಗ ಅಂಗಳದ ನಡುವೆ ಬಾವಿಯ ಕಡೆಗೆ ನಡೆದುಹೋಗುತ್ತಿದ್ದ.