ಮೂರೂ ಹಾರಿದವು ಅಂದೆ

ನಿನ್ನೆ ಬೆಳಿಗ್ಗೆ ಅಂಗಡಿಯ ಷಟರನ್ನು ಅರ್ಧ ಎತ್ತಿದ್ದೆನಷ್ಟೇ, ಫೋನಿಗೊಂದು ವಿಡಿಯೋ ಬಂತು. ಯಾವುದೋ ದೂರದೇಶದ ಮರ, ಮರದಲ್ಲೊಂದು ಗೂಡು, ಗೂಡಿನ ಅಂಚಿನಲ್ಲಿ ರೆಕ್ಕೆ ಬಡಿಯುತ್ತಿರುವ ಗಿಡುಗದ ಮರಿಗಳು. ಕ್ಯಾಮೆರಾ ಇಟ್ಟು ನೇರ ತೋರಿಸುತ್ತಾರಂತೆ. ಮರಿ ಹಾರುವ ಗಳಿಗೆಗಾಗಿ ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿರುತ್ತಾರಂತೆ. ಅದರ ಬೆನ್ನಿಗೇ, ಅದನ್ನು ಕಳಿಸಿದ ಸಾವುಕಾರನ ಫೋನೂ ಬಂತು.

"ಸಾಬರ, ಇಂಥಾದು ನಮ್ಮ ಕುರುಗೋಡಿನ ತೋಟದಾಗ ಆಗ್ಬೇಕು ನೋಡ್ರಿ. ಅಲ್ಲೊಂದು ಗಿಡುಗ ಗೂಡು ಕಟ್ಟೈತಿ. ಕ್ಯಾಮೆರಾ ಹಾಕ್ರಿ. ನಮ್ಮವ್ವನ ಹೆಸರಿನಾಗ ಊರಿಗೆಲ್ಲ ತೋರಿಸ್ತೀನಿ. ಅವ್ವಗ ಪಕ್ಷಿ ಅಂದ್ರ ಜೀವ ಇತ್ತಲ್ಲ!"

ಸಂಜೆಗೆ ಹೇಳುತ್ತೇನೆ ಎಂದು ಇಟ್ಟೆ. ಸಿಟ್ಟು ಬಂದಿತ್ತು. ನಿಮ್ಮೆದುರು ಹೇಳಿಕೊಳ್ಳದೆ ಇಳಿಯುವಂಥದ್ದಲ್ಲ.

ಬ್ರೂಸ್‌ಪೇಟೆಯ ಓಣಿಯಲ್ಲಿ ನನ್ನದು ಟೀವಿ ರಿಪೇರಿ ಅಂಗಡಿ. ಗಣಿಯ ಕಾಲ ಬಂದಾಗ ಬಳ್ಳಾರಿಯಲ್ಲಿ ಟೀವಿ ರಿಪೇರಿ ಮಾಡಿಸುವುದು ನಾಚಿಕೆಯ ಕೆಲಸವಾಯಿತು. ಕೆಟ್ಟರೆ ಎಸೆದು ದೊಡ್ಡದು ತರುತ್ತಿದ್ದರು. ನಾನು ಕಾವಲು ಕ್ಯಾಮೆರಾ ಹಾಕುವುದನ್ನು ಕಲಿತೆ. ದಿಢೀರನೆ ದೊಡ್ಡವರಾದವರಿಗೆಲ್ಲ ದಿಢೀರನೆ ಭಯವೂ ಹುಟ್ಟಿತ್ತು. ಹೀಗೆ ಅರ್ಧ ಊರಿನ ಗೇಟುಗಳು ನನ್ನ ಕಣ್ಣಳತೆಗೆ ಬಂದವು. ನನ್ನ ಅಂಗಡಿಗೆ ಮಾತ್ರ ಕ್ಯಾಮೆರಾ ಇರಲಿಲ್ಲ. ಕದಿಯುವಂಥದ್ದೂ ಇರಲಿಲ್ಲ ಬಿಡಿ.

ಆಗ ಪಾರ್ವತಿನಗರದ ಹೊಸ ಬಂಗಲೆಯೊಂದಕ್ಕೆ ಕರೆ ಬಂತು. ಮನೆಯ ಸಾವುಕಾರ, ನಿನ್ನೆ ಫೋನು ಮಾಡಿದವನೇ, ಮೊದಲು ರಾರಾವಿಯಿಂದ ಭತ್ತದ ಲಾರಿ ಹೊಡೆಯುತ್ತಿದ್ದವನು. ಭತ್ತ ಇಳಿಸಿ ಅದಿರು ಹೇರಿಕೊಂಡ ಮೇಲೆ ಒಂದು ಲಾರಿ ಮರಿ ಹಾಕುತ್ತಾ ಹೋಯಿತು. ಊರಿನಲ್ಲಿದ್ದ ತಾಯಿ ಹನುಮವ್ವನನ್ನೂ ಬಂಗಲೆಗೆ ಕರೆತಂದಿದ್ದ. ಆಕೆ ನುಣುಪುಗಲ್ಲಿನ ನೆಲದ ಮೇಲೆ ಜಾರಿಬೀಳುವ ಹೆದರಿಕೆಯಲ್ಲಿ ಗೋಡೆ ಹಿಡಿದೇ ಓಡಾಡುತ್ತಿದ್ದಳು. ಪಡಸಾಲೆಯ ಟೀವಿಯಲ್ಲಿ ಸೊಸೆಯ ತೆಲುಗು ಧಾರಾವಾಹಿ. ಹೀಗಾಗಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾನಿಟ್ಟ ಕ್ಯಾಮೆರಾದ ಪರದೆಯೇ ಹನುಮವ್ವನ ಟೀವಿಯಾಯಿತು.

"ಇದರಾಗ ಯಾರೂ ಅಳಂಗಿಲ್ಲ. ಅದಕ್ಕ ಚಲೋ ಐತಿ" ಅಂದಿದ್ದಳು.

ಒಂದು ದಿನ ಆಕೆಯೇ ಫೋನು ಹಚ್ಚಿಸಿ ಕರೆಸಿದಳು. "ಟೀವಿಯಪ್ಪಾ, ಆ ಮೂಲ್ಯಾಗಿನ ಬೇವಿನ ಗಿಡದಾಗ ಏನೋ ಅಲ್ಲಾಡ್ತೈತಿ. ಸ್ವಲ್ಪ ಅತ್ತಾಗ ತಿರುಗ್ಸು."

ಏಣಿ ಹಾಕಿ ತಿರುಗಿಸಿದೆ. ಗೇಟು ಪರದೆಯಿಂದ ಅರ್ಧ ಮಾಯವಾಯಿತು, ಗೂಡು ಪೂರ್ತಿ ಬಂತು. ಕೆಲವೇ ದಿನಗಳಲ್ಲಿ ಮೂರು ಮರಿ. ಹತ್ತಿಯಂಥ ಬಿಳಿ ಮೈ ವಾರದೊಳಗೆ ಅದಿರಿನ ಧೂಳು ಕೂತು ಕೆಂಪಗಾಯಿತು. "ಯವ್ವಾ, ಮಗ ತಂದ ಧೂಳು ಇವಕ್ಕೂ ಬಡೀತಲ್ಲೋ" ಎಂದು ಮುದುಕಿ ಪರದೆಯನ್ನು ಸೆರಗಿನಿಂದ ಒರೆಸಿದಳು. ತಾಯಿಗಿಡುಗ ಓತಿಕ್ಯಾತ, ಅಳಿಲು ತಂದು ದೊಡ್ಡ ಮರಿಯ ಬಾಯಿಗೇ ಇಟ್ಟರೆ, "ಲೇ, ಆ ಸಣ್ಣದಕ್ಕೂ ಹಾಕೇ!" ಎಂದು ಬೈಯುತ್ತಿದ್ದಳು. ನಾನೋ, ಸರ್ವಿಸು ಎಂದು ನೆಪ ಹೇಳಿ ಎರಡು ದಿನಕ್ಕೊಮ್ಮೆ ಹೋಗಿ ಆಕೆಯ ಪಕ್ಕದಲ್ಲಿ ಕೂರುತ್ತಿದ್ದೆ. ಅಷ್ಟು ಸರ್ವಿಸು ಮಾಡಿಸಿಕೊಂಡ ಕ್ಯಾಮೆರಾ ಜಿಲ್ಲೆಯಲ್ಲೇ ಇನ್ನೊಂದಿರಲಿಕ್ಕಿಲ್ಲ.

ಆಮೇಲೆ ಕಾರು ಬಂತು. ವಿದೇಶದ್ದು, ನೆಲಕ್ಕೆ ಹೊಟ್ಟೆ ತಾಗುವಂಥದ್ದು. ಅವನದೇ ಲಾರಿಗಳು ಅಗೆದು ಹಾಕಿದ ರಸ್ತೆಯಲ್ಲಿ ಅದನ್ನು ಓಡಿಸುವ ಹಾಗಿರಲಿಲ್ಲ! ಒರೆಸಿ ಬೇವಿನ ನೆರಳಲ್ಲಿ ನಿಲ್ಲಿಸುವುದಷ್ಟೇ. ಅದರ ಮೇಲೆ ಗಿಡುಗಗಳು ಹಿಕ್ಕೆ ಹಾಕಿದವು. ಸಾವುಕಾರ ಗಿಡ ಕಡಿದು ಷೆಡ್ಡು ಹಾಕಿಸುತ್ತೇನೆಂದ.

"ಎಂಟು ದಿನ ತಡಿಯಪ್ಪಾ. ಹಾರಿ ಹೊಕ್ಕಾವು" ಎಂದಳು ಹನುಮವ್ವ. ನಾನು ಅಲ್ಲೇ ಇದ್ದೆ.

"ಆತು ಬಿಡವ್ವ" ಎಂದ ಮಗ.

ಮೂರನೆಯ ದಿನ ಸಿರುಗುಪ್ಪದಲ್ಲಿ ಬಳಗದವರ ಮಗುವಿಗೆ ತೊಟ್ಟಿಲ ಕಾರ್ಯವಿದೆಯೆಂದು ತಾಯಿಯನ್ನು ಹಳೆಯ ಜೀಪಿನಲ್ಲಿ ಕಳಿಸಿದ. ಮರುದಿನ ನನಗೆ ಕರೆ ಬಂತು. ಹೋಗುವಷ್ಟರಲ್ಲಿ ಬೇವು ಅಂಗಳದ ತುಂಬ ಮಲಗಿತ್ತು. ತಾಯಿಗಿಡುಗ ಖಾಲಿ ಆಕಾಶದಲ್ಲಿ ಗಿಡವಿದ್ದ ಜಾಗದ ಸುತ್ತಲೇ ಸುತ್ತುತ್ತಾ ಕಿರುಚುತ್ತಿತ್ತು. ಸಾವುಕಾರ ಹಲ್ಲು ಕಡ್ಡಿ ಕಚ್ಚಿಕೊಂಡು ನಿಂತಿದ್ದ.

"ಕ್ಯಾಮೆರಾ ಗೇಟಿಗೆ ತಿರುಗಿಸ್ರಿ. ಇವತ್ತಿನ ರೆಕಾರ್ಡಿಂಗ್ ಅಳಿಸಿಬಿಡ್ರಿ. ಅವ್ವ ಕೇಳಿದ್ರ ಮೂರೂ ಹಾರಿ ಹೋದ್ವು ಅನ್ರಿ."

ಅಳಿಸುವ ಮೊದಲು ಒಮ್ಮೆ ನೋಡಿದೆ. ಕೊಡಲಿ ಬೀಳುತ್ತಿರುವಾಗ ತಾಯಿ ಕಡಿಯುವವರ ತಲೆಯ ಮೇಲೆರಗುತ್ತಿತ್ತು. ದೊಡ್ಡ ಮರಿ ಗೂಡು ಬಿಟ್ಟು ಕೊಂಬೆಗೆ ಬಂದು ಕೂತಿತ್ತು. ಗಿಡ ವಾಲಿದಾಗ ಅದು ಹಾರಿತು. ಸೊಟ್ಟಸೊಟ್ಟಗೆ, ತೀರ ಕೆಳಗೆ, ಆದರೂ ಗೇಟು ದಾಟಿ ಪರದೆಯ ಆಚೆ ಹೋಯಿತು. ಉಳಿದೆರಡು ಗೂಡಿನ ಜೊತೆಗೇ ನೆಲಕ್ಕೆ ಬಂದವು.

ಅಳಿಸುವ ಗುಂಡಿ ಒತ್ತಿದವನು ನಾನು. ಆ ಸಾವುಕಾರನ ಮಾತಿನಿಂದಲೇ ಬೇರೆ ಬಂಗಲೆಗಳ ಕೆಲಸ ನನಗೆ ಸಿಗುತ್ತಿತ್ತು. ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ಮರ್ಯಾದೆಯ ಕಾರಣ ನನಗೆ ಸಿಕ್ಕಿಲ್ಲ.

ಹನುಮವ್ವ ಬಂದ ದಿನವೇ ಕರೆಸಿದಳು. ಪರದೆಯ ಮುಂದೆ ಕೂತಿದ್ದಳು. ಪರದೆಯಲ್ಲಿ ಬರೀ ಗೇಟು.

"ಹಾರಿದ್ವಾ?"

"ಹಾರಿದ್ವು ಅವ್ವಾ."

"ಮೂರೂ?"

"ಮೂರೂ."

"ತೋರ್ಸು."

"ಅದು... ಅಳಿಸಿ ಹೋಗೈತಿ."

ಆಕೆ ಪರದೆಯಿಂದ ನನ್ನತ್ತ ತಿರುಗಿದಳು. "ನನ್ನ ಮಗನ ಪರವಾಗಿ ಸುಳ್ಳ ಹೇಳಾಕ ಸಂಬಳದ ಮಂದಿ ಭಾಳ ಅದಾರ. ನೀನು ರಿಪೇರಿ ಮಾಡಾಂವ ಅನ್ಕಂಡಿದ್ದೆ."

ತಿಂಗಳೊಳಗೆ ಆಕೆ ರಾರಾವಿಯ ತಮ್ಮನ ಮನೆಗೆ ಹೋಗಿಬಿಟ್ಟಳು. ಪೇಟೆಯ ಗಾಳಿ ಒಗ್ಗಲಿಲ್ಲ ಎಂದು ಮಗ ಎಲ್ಲರಿಗೂ ಹೇಳಿದ. ಆ ಗಾಳಿಯನ್ನು ಕೆಡಿಸಿದವರಲ್ಲಿ ತಾನೂ ಒಬ್ಬನೆಂದು ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಹೋದವನು ರಾರಾವಿಯ ಬಸ್ಸು ಹತ್ತಿದೆ. ಹನುಮವ್ವ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಕೊಡಲಿ, ಗೂಡು, ಹಾರಿದ ಒಂದು, ಬಿದ್ದ ಎರಡು. ಮೊರದೊಳಗೆ ಆಡುತ್ತಿದ್ದ ಆಕೆಯ ಬೆರಳುಗಳು ನಿಂತವು.

"ನನಗ ಗೊತ್ತಿತ್ತು. ಬಂದ ದಿನಾನೇ ಕಟ್ಟಿಗಿ ರಾಶಿಯೊಳಗ ಪುಕ್ಕ ನೋಡೀನಿ" ಅಂದಳು. ಮೊರ ಪಕ್ಕಕ್ಕಿಟ್ಟು, "ಆದ್ರ ಒಂದು ಹಾರೇತಿ ಅನ್ನೂದು ಗೊತ್ತಿರ್ಲಿಲ್ಲ. ಅವತ್ತೇ ನೀನು ಅಷ್ಟು ಹೇಳಿದ್ರ ಅದರಾಗೇ ಸಮಾಧಾನ ಮಾಡ್ಕಂತಿದ್ದೆ. ಮೂರು ಅಂತ ಹೇಳಿ, ಆ ಒಂದನ್ನೂ ನಂಬದಂಗ ಮಾಡಿದಿ ನೋಡು."

ಆಮೇಲೆ ಆಕೆಯೇ ಎದ್ದು ಮಜ್ಜಿಗೆ ತಂದುಕೊಟ್ಟಳು. "ಮಗಗ ಏನೂ ಅನ್ನಬ್ಯಾಡ. ನಾನು ನಂಬೀನಿ ಅಂತ ತಿಳ್ಕಂಡಾನ. ನಾನಿರೂತನಕ ಇರ್ಲಿ."

ಆಕೆ ತೀರಿಕೊಂಡು ವರ್ಷಗಳಾದವು. ಗಣಿಯ ಅಬ್ಬರ ನಿಂತಿತು, ಲಾರಿಗಳು ತುಕ್ಕು ಹಿಡಿದವು, ಸಾವುಕಾರ ಮಾತ್ರ ಹಿಡಿಯಲಿಲ್ಲ. ಈಗ ಪರಿಸರ ದಿನ ಬಂದರೆ ಸಸಿ ನೆಡುತ್ತಾನೆ. ಒಂದು ಸಸಿಗೆ ಹನ್ನೆರಡು ಕೈ, ಫೋಟೋದಲ್ಲಿ ಮುಂದಿನದು ಅವನದು. ನೋಡಿದಾಗಲೆಲ್ಲ ಪತ್ರಿಕೆ ಮಡಚಿಟ್ಟು ರಿಪೇರಿಗೆ ಕೂರುತ್ತಿದ್ದೆ.

ನಿನ್ನೆ ಸಂಜೆ ನಾನೇ ಫೋನು ಮಾಡಿದೆ.

"ಕ್ಯಾಮೆರಾ ನಾನು ಹಾಕಂಗಿಲ್ರಿ. ಆ ಬೇವಿನ ಗಿಡ ಕಡಿಸಿದಾಗ ನೀವು ಸುಳ್ಳ ಹೇಳಿಸಿದ್ರಿ, ನಾನು ಹೇಳಿದೆ. ಅವ್ವನ ಹೆಸರಿನಾಗ ಗಿಡುಗ ತೋರ್ಸಾಕ ನಮ್ಮಿಬ್ಬರಿಗೂ ಮುಖ ಇಲ್ಲ."

ಅತ್ತ ನಗು. "ಹಳೇದು ಯಾಕ ಕೆದಕ್ತೀರಿ ಸಾಬರ? ಪಾಪ, ಮೂರೂ ಹಾರಿದ್ವು ಅಂತ ಮುದುಕಿ ಖುಷಿಯಾಗಿ ಹೋತಲ್ಲ."

"ಇಲ್ರಿ. ಅವ್ವಗ ಗೊತ್ತಿತ್ತು. ಬಂದ ದಿನದಿಂದ."

ನಗು ನಿಂತಿತು. ಆಮೇಲೆ, ನಾನೆಂದೂ ಅವನ ಬಾಯಲ್ಲಿ ಕೇಳಿರದ ಸಣ್ಣ ದನಿಯಲ್ಲಿ ಕೇಳಿದ:

"ಅದಕ್ಕ ಮನಿ ಬಿಟ್ಟು ಹೋದ್ಲಾ?"

ಗಾಳಿ ಒಗ್ಗಲಿಲ್ಲ, ವಯಸ್ಸಾಗಿತ್ತು, ಎನ್ನುವ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ನುಂಗಿಕೊಂಡೆ.

"ಹೌದ್ರಿ" ಅಂದೆ.