ಫಿರಂಗಿ ಹಿಡಿದ ಹನಿಯಾ

ಚೌಕದಲ್ಲಿ ಕಥೆ ಹೇಳುವ ಅಲ್ಲಾಲನ ಬಾಯಿಗೆ ಮಣ್ಣು ಬೀಳಲಿ. ಹನಿಯಾಳನ್ನು ಅವನು ರಾಜಕುಮಾರಿ ಮಾಡಿಬಿಟ್ಟಿದ್ದಾನೆ. ಅವಳಿಗೆ ಮೊಣಕಾಲು ಮುಟ್ಟುವ ಕೂದಲಂತೆ, ರೆಕ್ಕೆಯ ಕುದುರೆಯಂತೆ, ಜಿನ್ನುಗಳ ಅರಸ ಕೊಟ್ಟ ಕತ್ತಿಯಂತೆ. ನಿನ್ನೆ ಗುಂಪಿನ ನಡುವೆ ಎದ್ದು ನಿಂತು ಬೈದೆ. "ಅಜ್ಜೀ, ಅಡುಗೆಮನೆ ಹುಡುಗಿ ಅಂದ್ರೆ ಯಾರು ಕೂತು ಕೇಳ್ತಾರೆ?" ಅಂದ. ಜನ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಹನಿಯಾ ಅರಮನೆಯ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಕುಸ್‌ಕುಸ್ ಉಜ್ಜುತ್ತಿದ್ದವಳು. ಹದಿನೇಳು ವರ್ಷ. ಹೇನು ಬಂತೆಂದು ಅವಳಮ್ಮನೇ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದಳು. ಮಾತು ಒರಟು, ನಗು ಜೋರು, ವಾರಕ್ಕೊಂದು ಹೂಜಿ ಒಡೆಯುವುದು ಖಂಡಿತ. ಆದರೆ ಹಿಟ್ಟಿಗೆ ನೀರು ಚಿಮುಕಿಸಿ ಉಜ್ಜಲು ಕೂತಳೆಂದರೆ ಸಾಸಿವೆಯಷ್ಟು ಸಣ್ಣ ಕಾಳು, ಎಲ್ಲ ಒಂದೇ ಅಳತೆ. ನಾವು ಮೂರು ಸಲ ಜರಡಿ ಹಿಡಿಯಬೇಕು, ಅವಳಿಗೆ ಜರಡಿಯೇ ಬೇಡ. ಅವಳಮ್ಮ ಯಾಕೂತ್, ಅರಮನೆಯ ಅಡುಗೆಯವಳನ್ನು ಕರೆಯುವ ಹಾಗೆ ನಮಗೆಲ್ಲ ದಾದಾ, ಚಿಕ್ಕಂದಿನಲ್ಲೇ ಸಂತೆಯಿಂದ ಕೊಂಡು ತಂದ ಗುಲಾಮ ಹೆಣ್ಣು, ಆಗ ಆ ಅಡುಗೆಮನೆಗೆಲ್ಲ ಯಜಮಾನಿ. ನಮಗೆ ಒಂದು ಏಟು ಕೊಟ್ಟರೆ ಮಗಳಿಗೆ ಎರಡು ಕೊಡುತ್ತಿದ್ದಳು.

ಆ ವರ್ಷ ಕಡು ಬೇಸಿಗೆಯಲ್ಲಿ ರಂಜಾನ್ ಬಂತು. ಅದಕ್ಕೆ ವಾರದ ಹಿಂದೆ ಸುಲ್ತಾನನ ತಮ್ಮ, ದಾದಾ ಮಾಡಿದ ಜೇನು-ಬಾದಾಮಿಯ ಕೋಳಿ ತಿಂದು ನೊರೆ ಕಕ್ಕಿ ಸತ್ತ. ಜೇನು ಬಂದದ್ದು ತಯ್ಯಿಬ್‌ನ ಮನೆಯಿಂದ. ತಯ್ಯಿಬ್ ಅಂದರೆ ಸುಲ್ತಾನನ ಬಾಗಿಲು ಕಾಯುವ ದೊಡ್ಡ ಅಧಿಕಾರಿ. ಅವನನ್ನು ದಾಟದೆ ಒಂದು ಅರ್ಜಿಯೂ ಒಳಗೆ ಹೋಗುತ್ತಿರಲಿಲ್ಲ. ಸುಲ್ತಾನ ಈಚೆಗೆ ತಮ್ಮನ ಮಾತಿಗೆ ಕಿವಿಗೊಡುತ್ತಿದ್ದುದು ಅವನಿಗೆ ನುಂಗಲಾರದ ತುತ್ತಾಗಿತ್ತು. ಅವನ ಆಳು ಜೇನಿನ ನೀಲಿ ಜಾಡಿ ತಂದಿಟ್ಟದ್ದನ್ನು ಹನಿಯಾ ನೋಡಿದಳು, ಉಳಿದ ನಾವು ಹನ್ನೊಂದು ಹೆಂಗಸರೂ ಕಣ್ಣಾರೆ ನೋಡಿದೆವು. ಸಂಜೆಯ ಹೊತ್ತಿಗೆ ಜಾಡಿ ಮಾಯ. ವಿಷ ಹಾಕಿದವಳು ಇವಳೇ ಎಂದು ದಾದಾಳನ್ನು ಎಳೆದೊಯ್ದು ಕತ್ತಲೆಕೋಣೆಗೆ ತಳ್ಳಿದರು. ರಂಜಾನಿನ ಎರಡನೆಯ ದಿನ ಶುಕ್ರವಾರ, ನಮಾಜು ಮುಗಿದ ಮೇಲೆ ಅವಳ ತಲೆ ತೆಗೆಯುವುದೆಂದು ತಯ್ಯಿಬ್ ಡಂಗುರ ಸಾರಿಸಿದ.

ಹನಿಯಾ ನಮ್ಮ ಮುಂದೆ ಬಂದು ನಿಂತಳು. "ಬನ್ರೇ, ಎಲ್ರೂ ಹೋಗಿ ನೋಡಿದ್ದು ಹೇಳೋಣ."

"ನಿನಗೇನಮ್ಮಾ, ನಮಗೆ ಮಕ್ಕಳಿದಾರೆ," ಅಂದೆ ನಾನು.

"ನಂಗೆ ಅಮ್ಮ ಇದಾಳೆ ಇಜ್ಜಕ್ಕಾ," ಅಂದಳು. ಮತ್ತೆ ಯಾರನ್ನೂ ಕೇಳಲಿಲ್ಲ.

ಅರಮನೆಯ ಹೊರ ಅಂಗಳದಲ್ಲಿ ಒಂದು ಕಂಚಿನ ಫಿರಂಗಿ ಇದೆ, ಹೆಸರು ಲಲ್ಲಾ ಮೈಮೂನಾ, ಅಂದರೆ ಮೈಮೂನಾ ಅಮ್ಮನವರು. ಊರಿನ ಹೆಂಗಸರು ಆಗ ಅವಳಿಗೆ ಮದರಂಗಿ ಹಚ್ಚುತ್ತಿದ್ದರು, ಹರಕೆಯ ಬಟ್ಟೆ ಕಟ್ಟುತ್ತಿದ್ದರು. ಸುಳ್ಳು ಹೇಳುವವರು ಮುಟ್ಟಿದರೆ ಕೈ ಸುಡುತ್ತಾಳೆಂದು ನಂಬುತ್ತಿದ್ದರು. ಅವಳ ಮೈಮೇಲೆ ಬರಿಗೈ ಇಟ್ಟವರು ಸುಲ್ತಾನನ ಮರೆಹೊಕ್ಕ ಹಾಗೆ. ಅವನು ಖುದ್ದಾಗಿ ಅವರ ಮಾತು ಕೇಳುವವರೆಗೆ ಯಾವ ಅಧಿಕಾರಿಯೂ ಅವರನ್ನು ಮುಟ್ಟುವಂತಿರಲಿಲ್ಲ. ಕೈ ತೆಗೆದರೋ, ಅಲ್ಲಿಗೆ ಮುಗಿಯಿತು.

ಗುರುವಾರ, ಮೊದಲ ಉಪವಾಸದ ಬೆಳಿಗ್ಗೆ, ಹನಿಯಾ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಫಿರಂಗಿಯನ್ನು ಹಿಡಿದಳು. ಕಾವಲಿನವರು ಸುತ್ತುಗಟ್ಟಿದರು. ತಯ್ಯಿಬ್ ಬಂದ, ಉಪವಾಸದಲ್ಲಿ ನಶ್ಯವಿಲ್ಲದೆ ಅವನ ತಲೆ ಸಿಡಿಯುತ್ತಿತ್ತು.

"ಕೈ ಬಿಡೇ ಹುಡುಗಿ."

"ನೀವು ಮೊದ್ಲು ನಮ್ಮಮ್ಮನ್ನ ಬಿಡಿ ಸೀದಿ."

"ಇವಳನ್ನ ಸೂರ್ಯ ನೋಡ್ಕೋತಾನೆ. ಮಧ್ಯಾಹ್ನದ ಹೊತ್ತಿಗೆ ತಾನೇ ಉದುರಿ ಬೀಳ್ತಾಳೆ," ಅಂದ ಅವನು ಕಾವಲಿನವರಿಗೆ. ಹೊರಬಾಗಿಲು ಹಾಕಿಸಿ, ಒಳಗೆ ಸುಲ್ತಾನನಿಗೆ ಯಾರೂ ತಿಳಿಸಕೂಡದೆಂದು ಕಟ್ಟಪ್ಪಣೆ ಮಾಡಿದ.

ಮಧ್ಯಾಹ್ನಕ್ಕೆ ಕಂಚು ರೊಟ್ಟಿಯ ಹಂಚಿನಂತೆ ಕಾಯಿತು. ಅವಳು ಒಂದು ಕೈ ಎತ್ತುವ ಮೊದಲು ಇನ್ನೊಂದನ್ನು ಇಡುತ್ತಿದ್ದಳು. ಬಾಯಿಗೆ ಹನಿ ನೀರಿಲ್ಲ. ಕಾವಲಿನವನೊಬ್ಬ, "ಹಂಚು ಕಾದಿದೆ, ರೊಟ್ಟಿ ತಟ್ಟೇ," ಎಂದು ಕಿಚಾಯಿಸಿದ. "ನಿನ್ನ ಮೂತಿ ತಂದಿಡೋ, ಹದವಾಗಿ ಬೇಯುತ್ತೆ," ಅಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಒದ್ದೆ ಬಟ್ಟೆ ತಂದು ಅವಳ ತಲೆಗೆ ಹೊದಿಸಬಹುದಿತ್ತು. ಹೊದಿಸಲಿಲ್ಲ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಅಷ್ಟು ದೊಡ್ಡ ಕುತಂತ್ರಿ ತಯ್ಯಿಬ್ ಒಂದು ಮಾತು ಮರೆತಿದ್ದ. ಲಲ್ಲಾ ಮೈಮೂನಾ ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತಾಳೆ. ರಂಜಾನಿನಲ್ಲಿ ಮಾತ್ರ ದಿನವೂ ಸೂರ್ಯ ಮುಳುಗುವಾಗ ಗುಡುಗುತ್ತಾಳೆ. ಅವಳ ಸದ್ದಿಗೆ ಕಾದು ಊರಿನ ಮಸೀದಿಗಳೆಲ್ಲ ಬಾಂಗ್ ಕೊಡುತ್ತವೆ. ಅಲ್ಲಿಯವರೆಗೆ ಒಂದು ಖರ್ಜೂರವೂ ಯಾರ ಬಾಯಿಗೂ ಹೋಗುವುದಿಲ್ಲ, ಸುಲ್ತಾನನ ಬಾಯಿಗೂ.

ಸಂಜೆ ಫಿರಂಗಿ ಹಾರಿಸುವ ಬೂಸೆಲ್ಹಾಮ್ ಉರಿಯುವ ಬತ್ತಿ ಹಿಡಿದು ಬಂದವನು ಹುಡುಗಿಯನ್ನು ಕಂಡು ನಿಂತುಬಿಟ್ಟ. ಹಾರಿಸಿದರೆ ಫಿರಂಗಿ ಹಿಂದಕ್ಕೆ ನುಗ್ಗಿ ಅವಳನ್ನು ಅರೆದುಹಾಕುತ್ತಿತ್ತು.

"ಹಾರಿಸು," ಅಂದ ತಯ್ಯಿಬ್.

"ಹುಡುಗಿ ಇದಾಳೆ ಸೀದಿ."

"ಇದ್ರೆ ಇರ್ಲಿ. ಹಾರಿಸು!"

ಬೂಸೆಲ್ಹಾಮ್ ಬತ್ತಿಯನ್ನು ನೀರಿನ ಬಕೆಟ್ಟಿಗೆ ಅದ್ದಿದ. "ನನ್ನ ಉಪವಾಸಾನ ಹೆಣ್ಣುಮಗಳ ರಕ್ತದಲ್ಲಿ ಮುರಿಯಲ್ಲ," ಅಂದ.

ಸೂರ್ಯ ಮುಳುಗಿದ. ಸದ್ದಿಲ್ಲ. ಗೋಡೆಯಾಚೆ ಜನ ಕೂಗತೊಡಗಿದರು. ಸುಲ್ತಾನನ ಮುಂದೆ ಸಾರು ಆರುತ್ತಿತ್ತು. ಕೊನೆಗೆ ಹಸಿದು ಕೆಂಡವಾಗಿದ್ದ ಅವನೇ ಅಂಗಳಕ್ಕೆ ಬಂದ. ಹನಿಯಾ ಒಣಗಿದ ಗಂಟಲಲ್ಲಿ ಜಾಡಿಯ ವಿಷಯ ಪೂರ್ತಿ ಹೇಳಿದಳು. ಸುಲ್ತಾನ ಅಡುಗೆಮನೆಯ ಬಾಗಿಲಲ್ಲಿ ಗುಂಪಾಗಿ ನಿಂತಿದ್ದ ನಮ್ಮತ್ತ ತಿರುಗಿದ.

"ನೀವೇನ್ ನೋಡಿದ್ರಿ? ಹೇಳಿ."

ಅವನ ಹಿಂದಿನಿಂದ ತಯ್ಯಿಬ್ ನಮ್ಮನ್ನೇ ದಿಟ್ಟಿಸುತ್ತಿದ್ದ. ನಾನು ನನ್ನ ಕಾಲಿನ ಉಗುರು ನೋಡಿದೆ. ಉಳಿದ ಹತ್ತು ಜನರೂ ಅವರವರ ಉಗುರು ನೋಡಿದರು.

ತಯ್ಯಿಬ್‌ಗೆ ಧೈರ್ಯ ಬಂತು. "ಒಡೆಯಾ, ಇವಳ ಅಂಗೈ ನೋಡಿ, ಹೇಗೆ ಬೊಬ್ಬೆ ಎದ್ದಿದೆ! ಸುಳ್ಳಿಗೆ ಲಲ್ಲಾ ಮೈಮೂನಾನೇ ತೀರ್ಪು ಕೊಟ್ಟಿದಾಳೆ."

ಸುಲ್ತಾನ ತನ್ನ ಕೈಯನ್ನು ಕಂಚಿನ ಮೇಲಿಟ್ಟು ತಟ್ಟನೆ ಹಿಂದಕ್ಕೆಳೆದುಕೊಂಡ. "ಹಾಗಾದ್ರೆ ನಾನೂ ಸುಳ್ಳುಗಾರನೇನೋ? ಎಲ್ಲಿ, ನೀನಿಡು."

"ಅಯ್ಯೋ ಒಡೆಯಾ, ಇಡೀ ದಿನ ಬಿಸಿಲಲ್ಲಿ ಕಾದಿದೆ ಅದು..." ಎಂದವನು ನಾಲಿಗೆ ಕಚ್ಚಿಕೊಂಡ. ಕಾವಲಿನವರಿಗೂ ನಗು ತಡೆಯಲಿಲ್ಲ.

"ಇವಳಮ್ಮನ್ನ ಬಿಟ್ಟುಬಿಡಿ. ಫಿರಂಗಿ ಹಾರಿಸಿ," ಅಂದ ಸುಲ್ತಾನ.

"ಅಮ್ಮನ್ನ ಇಲ್ಲಿಗೆ ಕರ್ಕೊಂಡ್ ಬರ್ಲಿ ಒಡೆಯಾ. ಆಮೇಲೆ ಕೈ ತೆಗೀತೀನಿ."

ಸುಲ್ತಾನನ ಮುಖಕ್ಕೇ ಹೇಳಿದಳು! ಕತ್ತಲೆಕೋಣೆಯಿಂದ ದಾದಾ ಕುಂಟುತ್ತಾ ಬರುವವರೆಗೆ ಸುಲ್ತಾನ ಕಾದ, ಊರಿಗೆ ಊರೇ ಹಸಿದು ಕಾದಿತು. ಅಮ್ಮನೇ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಂಚಿಗೆ ಅಂಟಿದ ಚರ್ಮ ಕಿತ್ತು ಬಂತು. ಆಮೇಲೆ ಫಿರಂಗಿ ಹಾರಿತು, ಎಲ್ಲರೂ ಉಣ್ಣಲು ಓಡಿದರು.

ಸುಲ್ತಾನನ ತಮ್ಮನನ್ನು ಕೊಂದವರು ಯಾರೆಂದು ಮತ್ತೆ ಯಾರೂ ಕೇಳಲಿಲ್ಲ. ತಯ್ಯಿಬ್‌ನನ್ನು ಕಡಲತೀರದ ಒಂದು ಪಟ್ಟಣಕ್ಕೆ ಅಧಿಪತಿ ಮಾಡಿ ಕಳಿಸಿದರು; ತೋಟವಿರುವ ಬಂಗಲೆಯಲ್ಲಿ ಸುಖವಾಗಿ ಮುದುಕನಾಗಿ ಸತ್ತ. ಮುಂದಿನ ರಂಜಾನಿಗೆ ಮುಂಚೆ ಲಲ್ಲಾ ಮೈಮೂನಾಳ ಸುತ್ತ ಆಳೆತ್ತರದ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿದರು. ಇನ್ನೊಬ್ಬ ಹನಿಯಾ ಬರಬಾರದಲ್ಲ! ಹನಿಯಾಳ ಅಂಗೈಗಳು ಮುದುಡಿ ಹೋದವು, ಕುಸ್‌ಕುಸ್ ಉಜ್ಜುವ ಕೆಲಸ ಮುಗಿಯಿತು. ಅರಮನೆ ಇಬ್ಬರನ್ನೂ ಬಿಟ್ಟು ಕಳಿಸಿತು; ಚರ್ಮ ಹದಮಾಡುವವರ ಕೇರಿಯಲ್ಲಿ ಅಮ್ಮನೂ ಮಗಳೂ ಮನೆ ಮಾಡಿದರು. ಪುದೀನ ಮಾರಿಕೊಂಡು, ಗಿರಾಕಿಗಳನ್ನು ಬೈದುಕೊಂಡು ಹನಿಯಾ ಇನ್ನೂ ಮೂವತ್ತು ವರ್ಷ ಬದುಕಿದಳು.

ಹನಿಯಾ ಫಿರಂಗಿ ಹಿಡಿದ ಆ ರಂಜಾನು ಮುಗಿದು ಹಬ್ಬವಾದ ದಿನ ನಾವು ಹನ್ನೊಂದು ಜನ ಸಾರಿನ ಪಾತ್ರೆ ಹೊತ್ತುಕೊಂಡು ಅವರ ಮನೆಗೆ ಹೋದೆವು. ದಾದಾ ಬಾಗಿಲು ತೆರೆದಳು. ನಾನು, "ದಾದಾ, ತಪ್ಪಾಯ್ತು, ನಮ್ಮ ಮಾತು ಸ್ವಲ್ಪ ಕೇಳು," ಅಂದೆ.

"ಸುಲ್ತಾನ ಕೇಳ್ದಾಗ ಅಲ್ಲಿ ಹನ್ನೊಂದು ಬಾಯಿ ಇದ್ವು," ಅಂದಳು ದಾದಾ. "ಈಗ ಮಾತಾಡಕ್ಕೆ ಬಂದ್ರಾ?"

ಬಾಗಿಲು ಹಾಕಿಕೊಂಡಳು. ಪಾತ್ರೆ ಹೊತ್ತು ಬಂದ ದಾರಿಯಲ್ಲೇ ವಾಪಸಾದೆವು.