ಬೆಂಚಕ್ಕನ ಹಸಿರು ಚುಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರ್ಸ್ ಒಬ್ಬರ ಮನೆಯ ಮುಂದೆ ಹಳೆಯ ಪುಟ್ಟ ಕಾರೊಂದು ಬಾನೆಟ್ ಎತ್ತಿ ನಿಂತಿದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ತಲೆ ನರೆತ ಹೆಂಗಸೊಬ್ಬರು ಅದರೊಳಗೆ ಬಗ್ಗಿದ್ದಾರೆ. ಬಟ್ಟೆಯ ತುಂಡಿನಿಂದ ಜಿಡ್ಡು ಒರೆಸುತ್ತಾರೆ, ಚೀಲದಿಂದ ಉಗುರುಬಣ್ಣದ ಪುಟ್ಟ ಸೀಸೆ ತೆಗೆಯುತ್ತಾರೆ, ಬ್ಯಾಟರಿಯ ಹಿಂಬದಿಗೊಂದು ಚುಕ್ಕೆ ಇಡುತ್ತಾರೆ. ಕೈಯನ್ನು ಮೊಣಕೈವರೆಗೆ ಕೆಳಗೆ ತೂರಿಸಿ ಸ್ಟಾರ್ಟರ್ ಮೋಟರಿಗೂ ಒಂದು ಚುಕ್ಕೆ. ಬಣ್ಣ ಗಾಢ ಹಸಿರು. ಕೆಂಪು ಬೇಕಾದರೆ ಯಾರ ಮನೆಯಲ್ಲಾದರೂ ಸಿಗುತ್ತದೆ, ಈ ಬಣ್ಣ ಹಚ್ಚಿಕೊಳ್ಳುವವರು ಈ ಊರಲ್ಲೇ ಇಲ್ಲ ಎನ್ನುವುದು ಅವರ ಲೆಕ್ಕಾಚಾರ. ಹಚ್ಚುವಾಗ ತೋರುಬೆರಳಿನ ತುದಿಯೂ ಹಸಿರಾಗುತ್ತದೆ. ಅದನ್ನು ಅವರು ತೊಳೆಯಲು ಹೋಗುವುದಿಲ್ಲ.

ಇವರ ಕೆಲಸಕ್ಕೆ ಹೆಸರಿಲ್ಲ. ಕಾರನ್ನು ರಿಪೇರಿಗೆ ಬಿಟ್ಟು ಅಲ್ಲೇ ಕಾಯಲಾಗದವರು ಇವರನ್ನು ಕರೆಯುತ್ತಾರೆ. ಬಾನೆಟ್ ತೆರೆದಲ್ಲಿಂದ ಮುಚ್ಚುವ ತನಕ ಇವರು ಗ್ಯಾರೇಜಿನ ಬೆಂಚಿನ ಮೇಲೆ ಕೂತು ನೋಡುತ್ತಿರುತ್ತಾರೆ. ಗ್ಯಾರೇಜುಗಳ ಬೀದಿಗೆ ಇವರು ಬೆಂಚಕ್ಕ. ದೂರದಿಂದ ಕಂಡರೆ ಸಾಕು, ಯಾರಾದರೊಬ್ಬರು ಕೂಗಿ ಹೇಳುತ್ತಾರೆ: "ಸಿಸಿಟಿವಿ ಬಂತು, ಎಲ್ಲರೂ ನೆಟ್ಟಗೆ ನಿಂತ್ಕೊಳ್ಳಿ."

ಬೆಂಚಕ್ಕನಿಗೆ ಯಂತ್ರ ಗೊತ್ತಿಲ್ಲ. ಗೊತ್ತಿದೆ ಎಂದು ಅವರು ಹೇಳಿಕೊಳ್ಳುವುದೂ ಇಲ್ಲ. "ಒಳಗೆ ಏನು ತಿರುಗುತ್ತೆ ಅಂತ ನನಗ್ಯಾಕೆ? ಹೋದ ಸಾಮಾನೇ ವಾಪಸ್ ಬಂತಾ ಅಂತ ನೋಡಿದ್ರೆ ಸಾಕಲ್ವಾ" ಎನ್ನುತ್ತಾರೆ.

ಈ ಕಣ್ಣು ಅವರಿಗೆ ಬಂದದ್ದು ಪೆಟ್ಟು ತಿಂದು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು. ಸಣ್ಣ ರಿಪೇರಿಗೆಂದು ಬಿಟ್ಟ ಗಾಡಿ ಮನೆಗೆ ಬಂದಾಗ ಹೊಸ ಬ್ಯಾಟರಿಯ ಜಾಗದಲ್ಲಿ ಯಾರದೋ ಸತ್ತ ಬ್ಯಾಟರಿ ಕೂತಿತ್ತು. ಮರುದಿನ ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಹೊರಟ ಟ್ಯಾಕ್ಸಿ ನಡುದಾರಿಯಲ್ಲಿ ನಿಂತುಬಿಟ್ಟಿತು. ದಾರಿಹೋಕರು ಯಾರೋ ತಮ್ಮ ವ್ಯಾನಿನಲ್ಲಿ ಆಸ್ಪತ್ರೆ ಮುಟ್ಟಿಸಿದರು, ಮಗು ಉಳಿಯಿತು. ಗಾಡಿ ತಳ್ಳಲು ಹೋಗಿ ಗಂಡನ ಬೆನ್ನು ಹಿಡಿದುಕೊಂಡದ್ದು ಮಾತ್ರ ಇಂದಿಗೂ ಬಿಟ್ಟಿಲ್ಲ. ಟ್ಯಾಕ್ಸಿ ಮಾರಿಯಾಯಿತು. ಈಗ ಅವರು ಮನೆಯಲ್ಲೇ ಇದ್ದು ಹೆಂಡತಿಗೆ ಬುತ್ತಿ ಕಟ್ಟಿ, ಫ್ಲಾಸ್ಕಿಗೆ ಚಹಾ ತುಂಬಿಸಿ ಕಳಿಸುತ್ತಾರೆ. "ನಾನು ತಂದ ಬದನೆಕಾಯಿಗೂ ಚುಕ್ಕೆ ಇಡ್ತಾಳೋ ಅಂತ ಹೆದರಿಕೆ ನನಗೆ" ಎಂದು ಅವರು ನಗುವಾಗ ಹೆಂಡತಿ ನಗುವುದಿಲ್ಲ. ಫ್ಲಾಸ್ಕಿನ ಮುಚ್ಚಳ ಭದ್ರವಾಗಿದೆಯೇ ಎಂದು ನೋಡುತ್ತಾರೆ, ಅಷ್ಟೆ.

ಮನೆಯಿಂದ ಚಹಾ ಒಯ್ಯುವುದಕ್ಕೂ ಕಾರಣವಿದೆ. ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು ಬನ್ನಿ ಎಂದು ಗ್ಯಾರೇಜಿನವರು ಉಪಚರಿಸಿದರೆ ಬಾನೆಟ್ ಒಳಗೆ ಏನೋ ನಡೆಯಲಿದೆ ಎಂದೇ ಬೆಂಚಕ್ಕ ತಿಳಿಯುತ್ತಾರೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಂದ ಅವರು ಕೇಳಿದ ಕತೆಗಳು ಒಂದೆರಡಲ್ಲ. ನಿವೃತ್ತ ಮೇಷ್ಟರೊಬ್ಬರ ಹೊಸ ಟೈರು ರಿಪೇರಿಗೆ ಹೋಗಿ ಬೋಳಾಗಿ ಬಂದಿದೆ. ಎಣ್ಣೆ ಬದಲಾಯಿಸಿದ್ದೇವೆ ಎಂದವರು ಹಳೆ ಎಣ್ಣೆಯನ್ನು ಅಲುಗಿಸಿಯೂ ಇಲ್ಲ. ಹಾರ್ನ್ ಕೂಗುತ್ತಿಲ್ಲವೆಂದು ಹೋದ ಒಬ್ಬ ತಾಯಿಗೆ ಬ್ರೇಕು ಈ ಸಂಜೆಯೇ ಕೈಕೊಡುತ್ತದೆ, ಮಕ್ಕಳನ್ನು ಕೂರಿಸಬೇಡಿ ಎಂದು ಹೆದರಿಸಿದ್ದಾರೆ. ಆಕೆ ಅಳುತ್ತಲೇ ಒಪ್ಪಿಕೊಂಡು ಎಲ್ಲವನ್ನೂ ಬದಲಾಯಿಸಿಕೊಂಡು ಬಂದಿದ್ದಾರೆ. ಹಾರ್ನ್ ಇನ್ನೂ ಕೂಗುತ್ತಿಲ್ಲ.

ಆ ನರ್ಸಿನ ಕಾರಿಗೆ ಬಂದಿರುವುದು ಬೇರೆ ಕಾಯಿಲೆ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟುವುದು ಆಕೆಯ ಕೆಲಸ. ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ಮೊಂಡಾಟ ಮಾಡುತ್ತದೆ. ಬೆಂಚಕ್ಕ ಅದನ್ನು ಬೀದಿಯ ಕೊನೆಯ ಗ್ಯಾರೇಜಿಗೆ ತರುತ್ತಾರೆ. ಅಲ್ಲಿನ ಮೆಕ್ಯಾನಿಕ್ ಒಬ್ಬಂಟಿ ಕೆಲಸಗಾರ. ಏನು ಕೇಳಿದರೂ ಹೂಂ ಎನ್ನುವುದರಿಂದ ಬೀದಿಯಲ್ಲಿ ಅವರ ಹೆಸರು ಹೂಂ ಅಣ್ಣ. ಈ ಗ್ಯಾರೇಜಿಗೆ ಬೆಂಚಕ್ಕ ಬರುತ್ತಿರುವುದು ಇದೇ ಮೊದಲು, ಮಾತಾಡದ ಮನುಷ್ಯನ ಮೇಲೆ ಅವರಿಗೆ ಒಂದು ಕಣ್ಣು ಹೆಚ್ಚೇ.

ಹೂಂ ಅಣ್ಣ ಸ್ಟಾರ್ಟರ್ ಮೋಟರ್ ಬಿಚ್ಚಿ ನೋಡಿ, ಬದಲಾಯಿಸುವುದು ಬೇಡ, ಒಳಗೆ ಮಸಿ ಕಟ್ಟಿದೆ, ತೊಳೆದರೆ ಸಾಕು ಎನ್ನುತ್ತಾರೆ. ಬೆಂಚಕ್ಕನ ಹುಬ್ಬು ಮೇಲೇರುತ್ತದೆ. ಹೊಸದು ಹಾಕಬೇಕು ಎನ್ನುವವರನ್ನು ಅವರು ಬಲ್ಲರು, ಬೇಡ ಎನ್ನುವವನನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ. ಅಷ್ಟರಲ್ಲಿ ಬೆಂಚಿನ ಮೇಲೆ ಬಿಸಿಲು ಬೀಳುತ್ತದೆ. ಹೂಂ ಅಣ್ಣ ಮಾತಿಲ್ಲದೆ ಬಂದು, ಅವರನ್ನು ಏಳಿಸಿ, ಬೆಂಚನ್ನು ನೆರಳಿಗೆ ಎಳೆದು, ಅಂಗಿಯ ತೋಳಿನಿಂದ ಅದರ ಧೂಳು ಒರೆಸಿ ಹೋಗುತ್ತಾರೆ. ಮಂಡಿನೋವಿಗೆ ಹಾಯೆನಿಸಿ ಬೆಂಚಕ್ಕ ಅಲ್ಲೇ ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯುತ್ತದೆ: ಇಲ್ಲಿಂದ ನೋಡಿದರೆ ಕಂಬ ಅಡ್ಡ. ಅವನ ಕೈ ಕಾಣುವುದೇ ಇಲ್ಲ.

ಎದ್ದು ಹೋಗಿ ನೋಡುವಾಗ ಮೋಟರ್ ಮರಳಿ ಜೋಡಿಸಿ ಆಗಿದೆ. ತೆಗೆಯುವಾಗ ಕರ್ರಗಿದ್ದದ್ದು ಈಗ ತಳತಳ ಹೊಳೆಯುತ್ತಿದೆ. ಬೆಂಚಕ್ಕ ಕೈ ತೂರಿಸಿ, ಟಾರ್ಚು ಹಾಯಿಸಿ ಹುಡುಕುತ್ತಾರೆ. ಚುಕ್ಕೆ ಇಲ್ಲ.

ಅದೇ ಹೊತ್ತಿಗೆ ನರ್ಸ್ ಕಾರು ಒಯ್ಯಲು ಬರುತ್ತಾರೆ. ತಮ್ಮ ಬಿಳಿ ಕಾರನ್ನು ರಿಪೇರಿಗೆ ಬಿಡಲು ಬಂದ ಕನ್ನಡಕದಂಗಡಿಯ ಯಜಮಾನರೂ ಅಲ್ಲೇ ನಿಂತಿದ್ದಾರೆ. ಮೋಸ ಕಂಡರೆ ನಾಲ್ಕು ಜನ ಕೇಳುವಂತೆ ಹೇಳುವುದು ಬೆಂಚಕ್ಕನ ಪದ್ಧತಿ.

"ಇದು ನಮ್ಮ ಮೋಟರ್ ಅಲ್ಲ ಸಿಸ್ಟರ್. ಬದಲಾಯಿಸಿದ್ದಾನೆ."

ಹೂಂ ಅಣ್ಣ ಸ್ಪ್ಯಾನರ್ ಕೆಳಗಿಡುತ್ತಾರೆ. "ಅದೇ ಅಕ್ಕ ಅದು."

"ಅಲ್ಲ ತಮ್ಮ. ನನಗೆ ಗೊತ್ತಾಗುತ್ತೆ."

"ಹೇಗೆ ಗೊತ್ತಾಗುತ್ತೆ?"

ಅದನ್ನು ಬೆಂಚಕ್ಕ ಹೇಳುವಂತಿಲ್ಲ. ಚುಕ್ಕೆಯ ಗುಟ್ಟು ಬಯಲಾದರೆ ಹೊಟ್ಟೆಪಾಡು ಮುಗಿಯಿತು. ಕನ್ನಡಕದಂಗಡಿಯವರು ಕೊಡಲೆಂದು ಚಾಚಿದ್ದ ಕೀಲಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಕಾರು ಹಿಂದಕ್ಕೆ ತೆಗೆಯುತ್ತಾರೆ. ಹೂಂ ಅಣ್ಣ ತಡೆಯುವುದಿಲ್ಲ. ಗೇಟಿನವರೆಗೂ ಆ ಕಾರನ್ನೇ ನೋಡುತ್ತಾರೆ. ಆಮೇಲೆ ಬೆಂಚಕ್ಕನ ಕೈ ಕಡೆ ನೋಡುತ್ತಾರೆ. ಮೋಟರ್ ತಡಕಿದ ಕೈ ಮಣಿಕಟ್ಟಿನವರೆಗೆ ಜಿಡ್ಡಾಗಿದೆ. ತಾವು ಕೈಯಲ್ಲಿ ಹಿಡಿದಿದ್ದ ಒದ್ದೆ ಬಟ್ಟೆಯನ್ನು ಅವರು ಮುಂದೆ ಚಾಚುತ್ತಾರೆ.

"ಒರೆಸ್ಕೊಳ್ಳಿ ಅಕ್ಕ. ಸೀರೆಗಾಗುತ್ತೆ."

ತಿನ್ನರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಬೆಂಚಕ್ಕ ಒರೆಸಿಕೊಳ್ಳುತ್ತಾರೆ. ಜಿಡ್ಡು ಹೋಗುತ್ತದೆ. ತೋರುಬೆರಳು ನೋಡಿಕೊಂಡರೆ, ನಸುಕಿನಿಂದ ಅಲ್ಲಿದ್ದ ಹಸಿರೂ ಹೋಗಿದೆ. ಬಟ್ಟೆಯ ಮೇಲೆ ಹಸಿರು ಗೆರೆಯೊಂದು ಮೂಡಿದೆ. ಅದರ ಪಕ್ಕದಲ್ಲೇ, ಮಸಿಯ ನಡುವೆ, ಒಣಗಿದ ಇನ್ನೊಂದು ಹಸಿರು ಗೆರೆ.

ಅವರು ಬೆಂಚಿಗೆ ಹೋಗಿ ಕೂತುಬಿಡುತ್ತಾರೆ. ಉಗುರುಬಣ್ಣವನ್ನೇ ಹಚ್ಚಿಕೊಳ್ಳದ ಹೆಂಗಸಿಗೆ ಅದು ಜಿಡ್ಡು ತೊಳೆಯುವ ತಿನ್ನರಿನಿಂದಲೇ ಅಳಿಯುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಈವರೆಗೆ ಇವರ ಕಣ್ಣೆದುರು ಯಾರೂ ಬಿಚ್ಚಿದ ಸಾಮಾನಿನ ಹೊರಮೈಯನ್ನು ಇಷ್ಟು ಚೊಕ್ಕಟವಾಗಿ ತೊಳೆದೂ ಇರಲಿಲ್ಲ. ಮರುಕ್ಷಣ ಎದ್ದು ನಿಂತು, ಮೊದಲು ಎಷ್ಟು ಗಟ್ಟಿಯಾಗಿ ಹೇಳಿದ್ದರೋ ಅಷ್ಟೇ ಗಟ್ಟಿಯಾಗಿ, ಪಕ್ಕದ ಗ್ಯಾರೇಜಿನವರಿಗೂ ಕೇಳುವಂತೆ, ಸೀಸೆಯನ್ನು ಎತ್ತಿ ತೋರಿಸಿ ಎಲ್ಲವನ್ನೂ ಹೇಳುತ್ತಾರೆ. ಚುಕ್ಕೆ, ಬಣ್ಣ, ತಿನ್ನರು, ತಮ್ಮ ತಪ್ಪು. ನರ್ಸ್ ಕೀಲಿ ತಿರುಗಿಸುತ್ತಾರೆ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಹೂಂ ಅಣ್ಣ ಹೂಂ ಎನ್ನುತ್ತಾರೆ.

ಬಿಳಿ ಕಾರು ಮಾತ್ರ ಹೊರಟುಹೋಗಿದೆ. ಬೆಂಚಕ್ಕ ಅದೇ ಸಂಜೆ ಕನ್ನಡಕದಂಗಡಿ ಹುಡುಕಿಕೊಂಡು ಹೋಗುತ್ತಾರೆ. ಯಜಮಾನರು ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ಕೇಳುತ್ತಾರೆ: "ಅವನು ನಿಮಗೇನು ಕೊಟ್ಟ?"

"ಏನೂ ಕೊಟ್ಟಿಲ್ಲ ಅಣ್ಣ."

"ಬೆಳಗ್ಗೆ ಕಳ್ಳ, ಸಂಜೆ ಸಂಭಾವಿತ. ಮಧ್ಯೆ ಏನೋ ಆಗಿರಬೇಕಲ್ಲಮ್ಮ."

ಇಷ್ಟು ಕಾಲ ತಾವು ಎಲ್ಲರನ್ನೂ ನೋಡಿದ ನೋಟವನ್ನೇ ಆ ಗಾಜಿನ ಹಿಂದೆ ಕಂಡು ಬೆಂಚಕ್ಕ ಎದ್ದು ಬರುತ್ತಾರೆ. ಬಾಗಿಲು ದಾಟುವಾಗ ಮೆಟ್ಟಿಲಿದೆ, ನೋಡಿಕೊಂಡು ಹೋಗಿ ಎಂದು ಯಜಮಾನರು ಎಚ್ಚರಿಸುತ್ತಾರೆ. ಕೆಟ್ಟ ಮನುಷ್ಯರಲ್ಲ ಅವರು. ನಂಬುವುದಿಲ್ಲ, ಅಷ್ಟೆ.

ಇದಾಗಿ ಕೆಲವು ವಾರಗಳು ಕಳೆದಿವೆ. ಕನ್ನಡಕದಂಗಡಿಯಿಂದ ಹೊರಟ ಮಾತು ಊರು ಸುತ್ತಿ, ಬೆಂಚಕ್ಕ ಗ್ಯಾರೇಜಿನವರ ಕಡೆಯಾದರು ಎಂದು ಬೆಳೆದಿದೆ. ಕರೆಯುವವರು ಕಡಿಮೆಯಾಗಿದ್ದಾರೆ. ಕೊನೆಯ ಗ್ಯಾರೇಜಿನ ಅಂಗಳದಲ್ಲಿ ಕಾರುಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಅಲ್ಲಿ ಹೋಗಿ ಸುಮ್ಮನೆ ಕೂತು, ಇವರು ಮೋಸಗಾರರಲ್ಲ ಎಂದು ನಾಲ್ಕು ಜನಕ್ಕೆ ಹೇಳೋಣವೆಂದರೆ, ನೋಡಿ, ಈಗ ಅಲ್ಲೇ ಕೂರುತ್ತಾಳೆ ಎಂಬ ಮಾತು ಬೇರೆ. ಹಸಿರು ಬಣ್ಣದ ಗುಟ್ಟು ಬೀದಿಗೆಲ್ಲ ತಿಳಿದಿದೆ. ಈಗ ಬೆಂಚಕ್ಕ ಸೂಜಿಯಿಂದ ಗೀರು ಹಾಕುತ್ತಾರೆ. ಎಲ್ಲಿ ಎಂದು ಗಂಡನಿಗೂ ಹೇಳಿಲ್ಲ. "ಹೇಳಿದ್ರೆ ನಿದ್ದೇಲಿ ಬಡಬಡಿಸ್ತಾರೆ" ಎನ್ನುತ್ತಾರೆ.

ಮೊನ್ನೆ ಹೂಂ ಅಣ್ಣ ಅವರ ಮನೆಯ ಬಾಗಿಲಿಗೆ ಬಂದಿದ್ದಾರೆ. ಒಳಗೆ ಕರೆದರೂ ಕೂತಿಲ್ಲ. ಹೂಂ ಅಣ್ಣನ ತಂಗಿ ಪಕ್ಕದ ಊರಿನಲ್ಲಿದ್ದಾರೆ. ಆಕೆಯ ಕಾರು ಪೂರ್ತಿ ನಿಂತುಹೋಗಿ ಅಲ್ಲಿನ ಗ್ಯಾರೇಜಿನಲ್ಲೇ ಬಿಟ್ಟಿದ್ದಾರೆ, ಇಲ್ಲಿಗೆ ಎಳೆದು ತರುವಂತಿಲ್ಲ. ನಾಳೆ ಬಿಚ್ಚುತ್ತಾರಂತೆ, ಇನ್ನೊಬ್ಬ ಮೆಕ್ಯಾನಿಕ್ ಹೋಗಿ ಕಾವಲು ಕೂತರೆ ಅಲ್ಲಿನವರು ಗಾಡಿಯನ್ನೇ ಮುಟ್ಟುವುದಿಲ್ಲವಂತೆ. ಇಷ್ಟು ಹೇಳಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿದಿದೆ. "ನೀವು ಹೋಗಿ ಕೂತ್ಕೋತೀರಾ ಅಕ್ಕ?" ಎಂದು ಕೇಳಿ, ಚಪ್ಪಲಿಯ ಕಡೆ ನೋಡುತ್ತಾ ನಿಂತಿದ್ದಾರೆ.

ಬೆಂಚಕ್ಕನಿಗೆ ಮೊದಲು ಬಂದದ್ದು ಅನುಮಾನವೇ. ತನ್ನನ್ನು ಪರೀಕ್ಷಿಸುತ್ತಿದ್ದಾನೆಯೇ, ಆ ಊರಿನವರ ಮುಂದೆ ನಗೆಪಾಟಲು ಮಾಡುತ್ತಾನೆಯೇ ಎಂದು ರಾತ್ರಿಯಿಡೀ ಮಗ್ಗುಲು ಬದಲಿಸಿದ್ದಾರೆ. ಬೆಳಗ್ಗೆ ಎದ್ದು ಇಸ್ತ್ರಿ ಮಾಡಿದ ಸೀರೆ ಉಟ್ಟು ಮೊದಲ ಬಸ್ಸು ಹಿಡಿದಿದ್ದಾರೆ. ಅಲ್ಲಿ ಬಿಸಿಲಲ್ಲೇ ಕೂತು, ಬಾನೆಟ್ ಮುಚ್ಚುವ ತನಕ ಕಣ್ಣು ಕೀಳದೆ, ಕಾರು ತಂಗಿಯ ಕೈಗೆ ಒಪ್ಪಿಸಿ ಬಂದಿದ್ದಾರೆ.

ಈ ಕೆಲಸದಲ್ಲಿ ಹೆಮ್ಮೆ ಅನ್ನಿಸಿದ್ದು ಉಂಟೇ ಎಂದು ಕೇಳಿದರೆ ಬೆಂಚಕ್ಕ ಹೇಳುವುದು ಆ ಒಂದು ದಿನದ ಬಗ್ಗೆಯೇ.

"ಇಷ್ಟು ವರ್ಷ ನನ್ನನ್ನ ಕರೆದಿದ್ದು ಗ್ಯಾರೇಜಿನವರನ್ನ ನಂಬದೇ ಇರೋರು. ಗ್ಯಾರೇಜಿನವನೇ ಬಂದು ಕರೆದಿದ್ದು ಇದೊಂದೇ ಸಲ. ಅದೂ ಯಾರನ್ನ ನಾನು ಕಳ್ಳ ಅಂದಿದ್ನೋ ಅವನೇ."